ಪೀಟರ್ ಮೆಕ್‌ವಿಲಿಯಮ್: ಕಪ್‌ಗಳ ಲೆಕ್ಕಕ್ಕೆ ಸಿಗದ ಕೋಚ್

ಇಂಗ್ಲೆಂಡಿನ ಹಳೇ ಕಾಲದ ಫುಟ್‌ಬಾಲ್ ಮ್ಯಾನೇಜರ್‌ಗಳ ಪೈಕಿ ದೊಡ್ಡವರು ಯಾರು ಎಂದು ಕೇಳಿದರೆ ಹೆಚ್ಚಿನವರು ಹರ್ಬರ್ಟ್ ಚಾಪ್‌ಮನ್ ಎನ್ನುತ್ತಾರೆ. ಪೀಟರ್ ಮೆಕ್‌ವಿಲಿಯಮ್ ಎನ್ನುವವರು ಕಡಿಮೆ. ಗೆದ್ದ ಕಪ್‌ಗಳನ್ನು ಎಣಿಸಿದರೆ ಅದು ಸರಿಯೇ. ಮ್ಯಾನೇಜರ್ ಆಗಿ ಈತ ಗೆದ್ದದ್ದು ಒಂದು ಎಫ್‌ಎ ಕಪ್ ಮತ್ತು ಎರಡು ಸಲ ಸೆಕೆಂಡ್ ಡಿವಿಷನ್. ಆಗಿನ ಲೀಗ್‌ನ ಅತಿ ಮೇಲಿನ ದರ್ಜೆಯಾದ ಫಸ್ಟ್ ಡಿವಿಷನ್ ಪ್ರಶಸ್ತಿ ಒಂದೂ ಇಲ್ಲ. ಸಾಲದ್ದಕ್ಕೆ ಈತನ ತಂಡಗಳು ಎರಡು ಸಲ ಕೆಳಗಿನ ಡಿವಿಷನ್‌ಗೆ ಜಾರಿವೆ.

ಆದರೆ ಈತನ ಕೈಕೆಳಗೆ ಬೆಳೆದ ಹುಡುಗರ ಹೆಸರು ನೋಡಿ. ಆರ್ಥರ್ ರೋ, ಬಿಲ್ ನಿಕೋಲ್ಸನ್, ವಿಕ್ ಬಕಿಂಗ್‌ಹ್ಯಾಮ್. ಮೊದಲನೆಯವನು ಟಾಟನ್‌ಹ್ಯಾಮ್ ಹಾಟ್‌ಸ್ಪರ್‌ಗೆ ಮೊದಲ ಲೀಗ್ ಪ್ರಶಸ್ತಿ ತಂದುಕೊಟ್ಟ. ಎರಡನೆಯವನು ಅದೇ ಕ್ಲಬ್‌ಗೆ ಒಂದೇ ಸೀಸನ್‌ನಲ್ಲಿ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದುಕೊಟ್ಟ. ಮೂರನೆಯವನು ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿ ಮುಂದೆ ಜಗತ್ಪ್ರಸಿದ್ಧನಾದ ಯೋಹಾನ್ ಕ್ರೈಫ್ ಎಂಬ 17 ವರ್ಷದ ಹುಡುಗನನ್ನು ಮೊದಲ ಸಲ ಅಯಾಕ್ಸ್ ತಂಡದಲ್ಲಿ ಆಡಿಸಿದ. ಇವರ ಹಿಂದೆ ಇದ್ದ ಮನುಷ್ಯ ಸ್ಕಾಟ್ಲೆಂಡಿನ ಹಳ್ಳಿಗಾಡಿನಿಂದ ಬಂದ ಒಬ್ಬ ಹಾಫ್‌ಬ್ಯಾಕ್. ಒಂದು ಆಟದ ಶೈಲಿ ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ದಾಟುತ್ತದೆ ಎಂದು ತಿಳಿಯಬೇಕಾದರೆ ಈತನ ಬದುಕು ಒಳ್ಳೇ ಉದಾಹರಣೆ.

ಪಾಸ್ ಮಾಡುವುದೂ ಒಂದು ಹೊಸ ವಿಷಯವಾಗಿತ್ತು

ಇವತ್ತು ಫುಟ್‌ಬಾಲ್ ಎಂದರೆ ಪಾಸ್ ಎಂದೇ ನಮ್ಮ ತಲೆಯಲ್ಲಿದೆ. ಮೊದಲು ಹಾಗಿರಲಿಲ್ಲ. 1860ರ ದಶಕದ ಇಂಗ್ಲಿಷ್ ಆಟದಲ್ಲಿ ಚೆಂಡು ಸಿಕ್ಕವನು ಅದನ್ನು ಕಾಲಲ್ಲೇ ಇಟ್ಟುಕೊಂಡು ಎದುರಾಳಿಗಳ ಮಧ್ಯೆ ನುಗ್ಗಬೇಕು. ಮಿಕ್ಕವರು ಅವನ ಹಿಂದೆಯೇ ಓಡಬೇಕು. ಅವನು ಚೆಂಡು ಕಳೆದುಕೊಂಡರೆ ಹಿಂದಿದ್ದವನು ಎತ್ತಿಕೊಳ್ಳಬೇಕು. ಪ್ರೈಮರಿ ಶಾಲೆಯ ಮೈದಾನದಲ್ಲಿ ಮಕ್ಕಳು ಚೆಂಡಿನ ಹಿಂದೆ ಗುಂಪಾಗಿ ಓಡುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ.

1872ರ ನವೆಂಬರ್ 30ರಂದು ಗ್ಲಾಸ್ಗೋದ ಹ್ಯಾಮಿಲ್ಟನ್ ಕ್ರೆಸೆಂಟ್ ಮೈದಾನದಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಮೊದಲ ಅಧಿಕೃತ ಅಂತರರಾಷ್ಟ್ರೀಯ ಪಂದ್ಯ ಆಡಿದವು. ಸ್ಕಾಟ್ಲೆಂಡಿನ 11 ಮಂದಿಯೂ ಕ್ವೀನ್ಸ್ ಪಾರ್ಕ್ ಎಂಬ ಒಂದೇ ಕ್ಲಬ್ಬಿನವರು. ಇಂಗ್ಲಿಷರು ದೇಹದಲ್ಲಿ ದೊಡ್ಡವರು. ಒಬ್ಬೊಬ್ಬನೇ ನುಗ್ಗಿದರೆ ಡಿಕ್ಕಿಯಲ್ಲಿ ಸೋಲು ಖಚಿತ. ಜೊತೆಗೇ ಆಡಿ ಪಳಗಿದ್ದ ಸ್ಕಾಟ್‌ಗಳು ಚೆಂಡನ್ನು ತಮ್ಮೊಳಗೆ ದಾಟಿಸುತ್ತಾ ಆಡಿದರು. ಪಂದ್ಯ 0-0. ಗೋಲಿಲ್ಲದ ಆ ಪಂದ್ಯ ಪಾಸ್ ಆಟದ ಚರಿತ್ರೆಯಲ್ಲಿ ಮೊದಲ ದೊಡ್ಡ ಗುರುತಾಗಿ ಉಳಿಯಿತು.

ಇಂಗ್ಲೆಂಡಿನಲ್ಲಿ ಆಟಗಾರರಿಗೆ ಸಂಬಳ ಕೊಡುವುದಕ್ಕೆ 1885ರಲ್ಲಿ ಒಪ್ಪಿಗೆ ಸಿಕ್ಕಿತು. ಸ್ಕಾಟ್ಲೆಂಡಿನಲ್ಲಿ ಅದಕ್ಕೆ 1893ರ ತನಕ ಕಾಯಬೇಕಾಯಿತು. ಮಧ್ಯದ ಎಂಟು ವರ್ಷ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಸ್ಕಾಟ್ಲೆಂಡಿನ ಒಳ್ಳೇ ಆಟಗಾರರು ಸಾಲುಗಟ್ಟಿ ದಕ್ಷಿಣಕ್ಕೆ ಬಂದರು. ಇಂಗ್ಲಿಷ್ ಜನ ಅವರನ್ನು 'ಸ್ಕಾಚ್ ಪ್ರೊಫೆಸರ್‌ಗಳು' ಎಂದು ಕರೆದರು. ಪಾಠ ಹೇಳಿಕೊಡುವವರು ಎಂಬ ಗೌರವ ಅದರಲ್ಲಿತ್ತು, ಸ್ವಲ್ಪ ಚುಡಾಯಿಸುವುದೂ ಇತ್ತು. ಆ ವಲಸೆ ಮುಂದೆಯೂ ನಿಲ್ಲಲಿಲ್ಲ. ಮೆಕ್‌ವಿಲಿಯಮ್ ಬಂದದ್ದೂ ಅದೇ ದಾರಿಯಲ್ಲಿ.

ನ್ಯೂಕ್ಯಾಸಲ್‌ನ ದಿನಗಳು

ಬ್ಯಾನ್ಫ್‌ಶೈರಿನ ಇನ್ವರೇವನ್‌ನಲ್ಲಿ 1879ರಲ್ಲಿ ಹುಟ್ಟಿದ ಈತ ಮೊದಲು ಇನ್ವರ್ನೆಸ್ ಥಿಸಲ್ ಕ್ಲಬ್‌ಗೆ ಆಡಿದ. 1902ರಲ್ಲಿ ಸಂಡರ್‌ಲ್ಯಾಂಡ್ ಕ್ಲಬ್ಬಿಗೆಂದು ಹೊರಟವನು ದಾರಿಯಲ್ಲಿ ನ್ಯೂಕ್ಯಾಸಲ್‌ನಲ್ಲಿ ಇಳಿದ, ಅಲ್ಲಿನವರು ಬಿಡದೆ ಸಹಿ ಹಾಕಿಸಿಕೊಂಡರು ಎಂಬ ಕಥೆ ಇದೆ. ಈ ಎರಡು ಊರುಗಳ ಜಗಳ ಗೊತ್ತಿದ್ದವರಿಗೆ ಈ ಕಥೆ ಎಷ್ಟು ಖುಷಿ ಕೊಡುತ್ತದೆ ಎಂದು ಊಹಿಸಬಹುದು. ನಿಜವೋ ಬಣ್ಣ ಕಟ್ಟಿದ್ದೋ, ನ್ಯೂಕ್ಯಾಸಲ್ ಯುನೈಟೆಡ್‌ಗೆ ಮುಂದೆ ಬಂದದ್ದು ಚಿನ್ನದ ಕಾಲ. 1905, 1907, 1909ರಲ್ಲಿ ಲೀಗ್ ಪ್ರಶಸ್ತಿ. 1910ರಲ್ಲಿ ಬಾರ್ನ್ಸ್‌ಲಿ ವಿರುದ್ಧ ಮರುಪಂದ್ಯದಲ್ಲಿ 2-0 ಗೆದ್ದು ಎಫ್‌ಎ ಕಪ್. 1908ರ ಡಿಸೆಂಬರಿನಲ್ಲಿ ತಮ್ಮ ಮೈದಾನದಲ್ಲೇ ಸಂಡರ್‌ಲ್ಯಾಂಡ್‌ಗೆ 9-1ರಿಂದ ಸೋತರೂ ಆ ಸೀಸನ್ನಿನ ಲೀಗ್ ಗೆದ್ದ ತಂಡ ಇದು!

ಮೆಕ್‌ವಿಲಿಯಮ್ ಆಡುತ್ತಿದ್ದದ್ದು ಲೆಫ್ಟ್ ಹಾಫ್ ಆಗಿ. ಆ ಕಾಲದ ತಂಡ ನಿಲ್ಲುತ್ತಿದ್ದ ರೀತಿ ಇದು: ಗೋಲ್‌ಕೀಪರ್ ಮುಂದೆ ಇಬ್ಬರು ಫುಲ್‌ಬ್ಯಾಕ್, ಅವರ ಮುಂದೆ ಮೂವರು ಹಾಫ್‌ಬ್ಯಾಕ್, ಮುಂದೆ ಐವರು ಫಾರ್ವರ್ಡ್. ಮಧ್ಯದ ಮೂವರ ಕೆಲಸ ಎಲ್ಲರಿಗಿಂತ ಕಷ್ಟ. ಎದುರಾಳಿಯಿಂದ ಚೆಂಡು ಕಿತ್ತುಕೊಳ್ಳಬೇಕು, ಕಿತ್ತುಕೊಂಡದ್ದನ್ನು ಮುಂದಿನವರಿಗೆ ಉಪಯೋಗವಾಗುವಂತೆ ಕೊಡಬೇಕು. ಸುಮ್ನೆ ಜೋರಾಗಿ ಒದ್ದು ಕಳಿಸುವ ಹಾಫ್‌ಬ್ಯಾಕ್‌ಗಳು ಬೇಕಾದಷ್ಟಿದ್ದರು. ಈತ ಹಾಗಲ್ಲ. ಸೊಂಟ ಒಂದು ಕಡೆ ಬಾಗಿಸಿ ಎದುರಾಳಿಯನ್ನು ಆ ಕಡೆ ಕಳಿಸಿ, ತಾನು ಇನ್ನೊಂದು ಕಡೆ ಹೋಗುವ ಈತನ ಚಾಲಾಕಿಗೆ 'ಮೆಕ್‌ವಿಲಿಯಮ್ ವಿಗಲ್' ಎಂಬ ಹೆಸರೇ ಬಿದ್ದಿತ್ತು. ಅಭಿಮಾನಿಗಳು 'ಪೀಟರ್ ದಿ ಗ್ರೇಟ್' ಎನ್ನುತ್ತಿದ್ದರು.

ಅದೇ ತಂಡದಲ್ಲಿ ಬೆಲ್‌ಫಾಸ್ಟ್‌ನ ಬಿಲ್ ಮೆಕ್ರ್ಯಾಕನ್ ಎಂಬ ಫುಲ್‌ಬ್ಯಾಕ್ ಇದ್ದ. ಇವನನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಆಗಿನ ಆಫ್‌ಸೈಡ್ ನಿಯಮ ಹೀಗಿತ್ತು: ಪಾಸ್ ಹೊರಡುವ ಹೊತ್ತಿಗೆ ಮುಂದಿರುವ ಆಟಗಾರನಿಗೂ ಎದುರಾಳಿಯ ಗೋಲ್‌ಲೈನ್‌ಗೂ ನಡುವೆ ಕನಿಷ್ಠ ಮೂವರು ಎದುರಾಳಿಗಳಿರಬೇಕು. ಗೋಲ್‌ಕೀಪರ್‌ನನ್ನೂ ಸೇರಿಸಿ ಮೂವರು. ಅಂದರೆ ಕೀಪರ್ ಮತ್ತು ಒಬ್ಬ ಫುಲ್‌ಬ್ಯಾಕ್ ಹಿಂದೆ ಉಳಿದರೂ ಪರವಾಗಿಲ್ಲ, ಇನ್ನೊಬ್ಬ ಫುಲ್‌ಬ್ಯಾಕ್ ಸರಿಯಾದ ಕ್ಷಣದಲ್ಲಿ ನಾಲ್ಕು ಹೆಜ್ಜೆ ಮುಂದೆ ಬಂದರೆ ಸಾಕು. ಎದುರಾಳಿ ಫಾರ್ವರ್ಡ್‌ಗಳು ಆಫ್‌ಸೈಡ್, ರೆಫರಿ ಸೀಟಿ ಊದಿ ಆಟ ನಿಲ್ಲಿಸುತ್ತಾನೆ. ಹಿಂದೆ ಒಬ್ಬ ಕಾವಲಿಗೆ ಇದ್ದೇ ಇರುತ್ತಾನಾದ್ದರಿಂದ ಲೆಕ್ಕ ತಪ್ಪಿದರೂ ಅಪಾಯ ಕಡಿಮೆ. ಮೆಕ್ರ್ಯಾಕನ್ ಇದನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದ ಎಂದರೆ, ನ್ಯೂಕ್ಯಾಸಲ್ ಸ್ಟೇಷನ್ನಿನಲ್ಲಿ ರೈಲಿನ ಗಾರ್ಡ್ ಸೀಟಿ ಊದಿದರೆ ಬಂದಿಳಿದ ತಂಡದವನೊಬ್ಬ "ಇಷ್ಟು ಬೇಗ ಆಫ್‌ಸೈಡಾ!" ಎಂದನಂತೆ. ಜೋಕ್ ಹಳೆಯದು, ಆದರೆ ಜನ ಎಷ್ಟು ಬೇಸತ್ತಿದ್ದರು ಎಂದು ಅದು ಹೇಳುತ್ತದೆ. ಬೇರೆ ತಂಡಗಳೂ ಈ ಬಲೆ ಹಾಕಲು ಕಲಿತವು. ಕೊನೆಗೆ 1925ರಲ್ಲಿ ಮೂವರ ಬದಲು ಇಬ್ಬರು ಸಾಕು ಎಂದು ನಿಯಮವನ್ನೇ ತಿದ್ದಬೇಕಾಯಿತು. ಈ ತಿದ್ದುಪಡಿ ಮೆಕ್‌ವಿಲಿಯಮ್‌ನ ಕೆಲಸಕ್ಕೂ ತಾಗಿತು. ಅದನ್ನು ಮುಂದೆ ನೋಡೋಣ.

ಸ್ಕಾಟ್ಲೆಂಡ್ ಪರ ಈತ ಎಂಟು ಪಂದ್ಯ ಆಡಿದ. ಎಂಟನೆಯದು 1911ರಲ್ಲಿ ವೇಲ್ಸ್ ವಿರುದ್ಧ. ಅದರಲ್ಲಿ ಮಂಡಿಗೆ ಪೆಟ್ಟು ಬಿತ್ತು. ಆಟ ಅಲ್ಲಿಗೆ ಮುಗಿಯಿತು.

ಮ್ಯಾನೇಜರ್ ಎಂದರೆ ಆಗ ಏನು?

1912ರ ಕೊನೆಯ ಹೊತ್ತಿಗೆ ಲಂಡನ್ನಿನ ಟಾಟನ್‌ಹ್ಯಾಮ್ ಹಾಟ್‌ಸ್ಪರ್ ಈತನನ್ನು ಮ್ಯಾನೇಜರ್ ಆಗಿ ಕರೆಸಿಕೊಂಡಿತು. ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಈಗಿನ ಕೋಚ್‌ನನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಕಾಲವನ್ನು ನೋಡಿದರೆ ಏನೂ ಅರ್ಥವಾಗುವುದಿಲ್ಲ. ನ್ಯೂಕ್ಯಾಸಲ್ ಮೂರು ಸಲ ಲೀಗ್ ಗೆದ್ದಾಗ ತಂಡವನ್ನು ಆರಿಸುತ್ತಿದ್ದದ್ದು ಡೈರೆಕ್ಟರ್‌ಗಳ ಸಮಿತಿ. ಕ್ಲಬ್ಬಿನ ಸೆಕ್ರೆಟರಿ ಪತ್ರ ವ್ಯವಹಾರ, ಟಿಕೆಟ್ಟು, ಪ್ರಯಾಣ ನೋಡಿಕೊಳ್ಳುತ್ತಿದ್ದ. ಬಹಳ ಕ್ಲಬ್‌ಗಳಲ್ಲಿ ಮ್ಯಾನೇಜರ್ ಎಂಬುದು ಸೆಕ್ರೆಟರಿಗೆ ಕೊಟ್ಟ ಇನ್ನೊಂದು ಹೆಸರು, ಅಷ್ಟೇ. ಅಭ್ಯಾಸ ಟ್ರೇನರ್ ಕೈಯಲ್ಲಿ. ಅಭ್ಯಾಸವೆಂದರೆ ಓಟ, ಮತ್ತೆ ಓಟ. ವಾರವಿಡೀ ಆಟಗಾರರಿಗೆ ಚೆಂಡು ತೋರಿಸದಿದ್ದರೆ ಶನಿವಾರ ಅವರು ಚೆಂಡಿಗೆ ಹಸಿದಿರುತ್ತಾರೆ ಎಂದು ಗಂಭೀರವಾಗಿಯೇ ನಂಬಿದ್ದರು. ಚೆಂಡಿಲ್ಲದೆ ಪಾಸ್ ಕಲಿಯುವುದು ಹೇಗೆ ಎಂದು ಯಾರೂ ಕೇಳಿದಂತಿಲ್ಲ.

ಇಂಥ ಕಾಲದಲ್ಲಿ ಮೆಕ್‌ವಿಲಿಯಮ್ ಬಂದದ್ದು ಆಟದ ಬಗ್ಗೆ ಒಂದು ಸ್ಪಷ್ಟ ಕಲ್ಪನೆ ಇಟ್ಟುಕೊಂಡು. ಚೆಂಡು ನೆಲದ ಮೇಲೇ ಇರಬೇಕು, ಪಾಸ್ ಚಿಕ್ಕದಾಗಿರಬೇಕು, ಪಾಸ್ ಕೊಟ್ಟವನು ಮತ್ತೆ ಸಿಗುವ ಜಾಗಕ್ಕೆ ಹೋಗಬೇಕು.

ಆರಂಭ ಚೆನ್ನಾಗಿರಲಿಲ್ಲ. 1914-15ರ ಸೀಸನ್ನಿನಲ್ಲಿ ಟಾಟನ್‌ಹ್ಯಾಮ್ ಫಸ್ಟ್ ಡಿವಿಷನ್‌ನ ಕಟ್ಟಕಡೆಯ ಸ್ಥಾನಕ್ಕೆ ಬಿತ್ತು. ಆಮೇಲೆ ಮಹಾಯುದ್ಧ. ಯುದ್ಧ ಮುಗಿದು 1919ರಲ್ಲಿ ಲೀಗ್ ಮತ್ತೆ ಶುರುವಾಗುವಾಗ ಫಸ್ಟ್ ಡಿವಿಷನ್ನನ್ನು 20ರಿಂದ 22 ತಂಡಗಳಿಗೆ ಹಿಗ್ಗಿಸಿದರು. ಹಾಗಿದ್ದರೆ ಟಾಟನ್‌ಹ್ಯಾಮ್ ಉಳಿದುಕೊಳ್ಳಬೇಕಿತ್ತಲ್ವಾ? ಉಳಿಯಲಿಲ್ಲ. ಯಾರಿಗೆ ಜಾಗ ಕೊಡಬೇಕೆಂದು ಮತ ಹಾಕಿದಾಗ ಸೆಕೆಂಡ್ ಡಿವಿಷನ್‌ನಲ್ಲಿದ್ದ ಲಂಡನ್ನಿನದೇ ಇನ್ನೊಂದು ಕ್ಲಬ್ ಆರ್ಸೆನಲ್‌ಗೆ 18 ಮತ, ಟಾಟನ್‌ಹ್ಯಾಮ್‌ಗೆ ಬರೀ 8. ಆರ್ಸೆನಲ್ ಮೊದಲೆರಡು ಸ್ಥಾನದಲ್ಲೂ ಇರಲಿಲ್ಲ! ಆರು ವರ್ಷದ ಹಿಂದಷ್ಟೇ ಅದು ಊರಿನ ಆ ತುದಿಯಿಂದ ಟಾಟನ್‌ಹ್ಯಾಮ್‌ನ ಬಗಲಿಗೆ ಬಂದು ಕೂತಿತ್ತು. ಉತ್ತರ ಲಂಡನ್ನಿನ ಈ ವೈರ ಇವತ್ತಿಗೂ ಆರಿಲ್ಲ.

ಕೆಳಗಿನ ಡಿವಿಷನ್‌ಗೆ ತಳ್ಳಿಸಿಕೊಂಡ ತಂಡ ಮರುವರ್ಷವೇ ಚಾಂಪಿಯನ್ ಆಯಿತು. 42 ಪಂದ್ಯ, 102 ಗೋಲು, 70 ಅಂಕ. ಆಗ ಗೆಲುವಿಗೆ ಎರಡೇ ಅಂಕ ಎಂಬುದನ್ನು ನೆನಪಿಡಿ. ಅದರ ಮುಂದಿನ ವರ್ಷ, 1921ರ ಏಪ್ರಿಲ್ 23ರಂದು, ಸ್ಟ್ಯಾಮ್‌ಫರ್ಡ್ ಬ್ರಿಡ್ಜ್‌ನಲ್ಲಿ ಎಫ್‌ಎ ಕಪ್ ಫೈನಲ್. ಜೋರು ಮಳೆ, ಮೈದಾನವೆಲ್ಲ ಕೆಸರು. ಚಿಕ್ಕ ಪಾಸ್ ಆಡುವ ತಂಡಕ್ಕೆ ಇದಕ್ಕಿಂತ ಕೆಟ್ಟ ನೆಲ ಬೇಕಾ? ಆದರೂ ಜಿಮ್ಮಿ ಡಿಮ್ಮಾಕ್ ಹೊಡೆದ ಒಂದೇ ಗೋಲಿನಿಂದ ವುಲ್ವರ್‌ಹ್ಯಾಂಪ್ಟನ್ ವಾಂಡರರ್ಸ್ ಸೋತಿತು. 1921-22ರಲ್ಲಿ ಲಿವರ್‌ಪೂಲ್ ಹಿಂದೆ ಲೀಗ್‌ನಲ್ಲಿ ಎರಡನೇ ಸ್ಥಾನ. ಮೆಕ್‌ವಿಲಿಯಮ್ ಲೀಗ್ ಪ್ರಶಸ್ತಿಗೆ ಇದಕ್ಕಿಂತ ಹತ್ತಿರ ಹೋಗಲೇ ಇಲ್ಲ.

ನಾರ್ತ್‌ಫ್ಲೀಟ್ ಎಂಬ ಸಸಿಮಡಿ

ನನ್ನ ಪ್ರಕಾರ ಈತನ ದೊಡ್ಡ ಕೆಲಸ ಆ ಕಪ್ ಅಲ್ಲ. ಲಂಡನ್ನಿನ ಪೂರ್ವಕ್ಕೆ, ಥೇಮ್ಸ್ ದಂಡೆಯ ಮೇಲೆ ಕೆಂಟ್ ಪ್ರಾಂತ್ಯದಲ್ಲಿ ನಾರ್ತ್‌ಫ್ಲೀಟ್ ಎಂಬ ಊರಿದೆ. ಅಲ್ಲಿನ ಚಿಕ್ಕ ಕ್ಲಬ್ಬಿನ ಜೊತೆ 1920ರ ದಶಕದಲ್ಲಿ ಟಾಟನ್‌ಹ್ಯಾಮ್ ಒಂದು ಒಪ್ಪಂದ ಮಾಡಿಕೊಂಡಿತು. ಹುಡುಗರನ್ನು ಚಿಕ್ಕ ವಯಸ್ಸಿನಲ್ಲೇ ಹಿಡಿದು ಅಲ್ಲಿಗೆ ಕಳಿಸುವುದು. ಅವರು ಅಲ್ಲಿ ದೊಡ್ಡವರ ಜೊತೆ ನಿಜವಾದ ಪಂದ್ಯ ಆಡಿ ಪಳಗುವುದು. ಆಮೇಲೆ ಟಾಟನ್‌ಹ್ಯಾಮ್‌ಗೆ ಬರುವುದು.

ಇವತ್ತು ಎಲ್ಲಾ ದೊಡ್ಡ ಕ್ಲಬ್‌ಗಳಿಗೂ ಅಕಾಡೆಮಿ ಇದೆ. ಆಗ ಹೊಸ ಆಟಗಾರ ಬೇಕೆಂದರೆ ದುಡ್ಡು ಕೊಟ್ಟು ಬೇರೆ ಕ್ಲಬ್ಬಿನಿಂದ ತರುವುದೇ ರೂಢಿ. ಹಾಗೆ ತಂದವನು ತನ್ನದೇ ಅಭ್ಯಾಸಗಳ ಜೊತೆ ಬರುತ್ತಾನೆ. 25 ವರ್ಷದವನ ಕಾಲಿನ ಚಾಳಿ ಬಿಡಿಸುವುದು ಸುಲಭವಲ್ಲ. ಹದಿನಾರರ ಹುಡುಗನಿಗೆ ಮೊದಲ ದಿನದಿಂದ ಒಂದೇ ರೀತಿಯ ಆಟ ಕಲಿಸಿದರೆ ಅವನು ಮೇಲಿನ ತಂಡಕ್ಕೆ ಬಂದಾಗ ಹೊಸದಾಗಿ ಹೇಳಿಕೊಡುವುದು ಏನೂ ಇರುವುದಿಲ್ಲ. ಮ್ಯಾನೇಜರ್ ಬದಲಾದರೂ ಆ ಆಟ ಹುಡುಗರ ಕಾಲಲ್ಲಿ ಉಳಿದಿರುತ್ತದೆ. ನಾರ್ತ್‌ಫ್ಲೀಟ್‌ನಿಂದ ಬಂದವರಲ್ಲಿ ಆರ್ಥರ್ ರೋ ಇದ್ದ. ಮುಂದೆ ಬಿಲ್ ನಿಕೋಲ್ಸನ್, ವಿಕ್ ಬಕಿಂಗ್‌ಹ್ಯಾಮ್, ರಾನ್ ಬರ್ಜೆಸ್, ಗೋಲ್‌ಕೀಪರ್ ಟೆಡ್ ಡಿಚ್‌ಬರ್ನ್ ಕೂಡ ಅಲ್ಲಿಂದಲೇ ಬಂದರು.

150 ಪೌಂಡ್

1927ರಲ್ಲಿ ಮಿಡಲ್ಸ್‌ಬರೋ ಕ್ಲಬ್ ಮೆಕ್‌ವಿಲಿಯಮ್‌ಗೆ ವರ್ಷಕ್ಕೆ 1,500 ಪೌಂಡ್ ಕೊಡುತ್ತೇನೆಂದಿತು. ಆಗ ಈತನಿಗೆ ಬರುತ್ತಿದ್ದದ್ದು 850. ಸಾವಿರ ಕೊಟ್ಟರೆ ಇಲ್ಲೇ ಇರುತ್ತೇನೆ ಎಂದು ಈತ ಕೇಳಿದನೆಂದು ಕ್ಲಬ್ಬಿನ ಚರಿತ್ರೆ ಬರೆದವರು ಹೇಳುತ್ತಾರೆ. ಡೈರೆಕ್ಟರ್‌ಗಳು ಆಗುವುದಿಲ್ಲ ಎಂದರು. 14 ವರ್ಷ ದುಡಿದವನನ್ನು 150 ಪೌಂಡ್ ಉಳಿಸಲು ಕಳಿಸಿಕೊಟ್ಟರು.

ಮುಂದೆ ನಡೆದದ್ದನ್ನು ಯಾರಾದರೂ ಕಥೆಯಾಗಿ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು. 1927-28ರ ಸೀಸನ್ ಮುಗಿದಾಗ ಫಸ್ಟ್ ಡಿವಿಷನ್‌ನಿಂದ ಕೆಳಗಿಳಿದ ಎರಡು ತಂಡಗಳು ಯಾವುವು? ಟಾಟನ್‌ಹ್ಯಾಮ್ ಮತ್ತು ಮಿಡಲ್ಸ್‌ಬರೋ. ಬಿಟ್ಟವರೂ ಬಿದ್ದರು, ಕರೆಸಿಕೊಂಡವರೂ ಬಿದ್ದರು. ಟಾಟನ್‌ಹ್ಯಾಮ್‌ಗೆ 38 ಅಂಕ ಬಂದಿತ್ತು. 14ನೇ ಸ್ಥಾನದಲ್ಲಿದ್ದ ಶೆಫೀಲ್ಡ್‌ನ ವೆನ್ಸ್‌ಡೇ ತಂಡಕ್ಕೆ 39. ಒಂದೇ ಅಂಕದ ಅಂತರ. ಆ ವೆನ್ಸ್‌ಡೇ ತಂಡವನ್ನು ಮುಳುಗದಂತೆ ಎತ್ತಿದವನು ಜಿಮ್ಮಿ ಸೀಡ್. ಮೆಕ್‌ವಿಲಿಯಮ್ 1920ರಲ್ಲಿ ಟಾಟನ್‌ಹ್ಯಾಮ್‌ಗೆ ತಂದಿದ್ದ ಆಟಗಾರ. ಈತ ಹೋದ ವರ್ಷವೇ ಸೀಡ್‌ನನ್ನೂ ಮುದುಕನಾದ ಎಂದು ಬಿಟ್ಟುಕೊಟ್ಟಿದ್ದರು. ಸೀಡ್ ನಾಯಕತ್ವದಲ್ಲಿ ಆ ತಂಡ 1929, 1930ರಲ್ಲಿ ಸಾಲಾಗಿ ಲೀಗ್ ಗೆದ್ದಿತು.

ಮಿಡಲ್ಸ್‌ಬರೋವನ್ನು ಮೆಕ್‌ವಿಲಿಯಮ್ 1929ರಲ್ಲಿ ಮತ್ತೆ ಮೇಲಕ್ಕೆ ತಂದ. ಆದರೆ ಟಾಟನ್‌ಹ್ಯಾಮ್‌ನಲ್ಲಿ ಕಟ್ಟಿದಂಥದ್ದನ್ನು ಅಲ್ಲಿ ಕಟ್ಟಲಾಗಲಿಲ್ಲ. 1934ರಲ್ಲಿ ಕೆಲಸ ಹೋಯಿತು.

ಆ ಹೊತ್ತಿಗೆ ಆಟವೇ ಬದಲಾಗಿತ್ತು. 1925ರ ಆಫ್‌ಸೈಡ್ ತಿದ್ದುಪಡಿ ಆದ ಮೊದಲ ಸೀಸನ್ನಿನಲ್ಲೇ ಫಸ್ಟ್ ಡಿವಿಷನ್ ಗೋಲುಗಳು 1,192ರಿಂದ 1,703ಕ್ಕೆ ಏರಿದವು. ಹಳೇ ಬಲೆ ಈಗ ಅಪಾಯದ್ದು. ಒಬ್ಬ ಮುಂದೆ ಬಂದು ಲೆಕ್ಕ ತಪ್ಪಿದರೆ ಹಿಂದೆ ಕೀಪರ್ ಒಬ್ಬನೇ. ಆ ಅಕ್ಟೋಬರ್‌ನಲ್ಲಿ ಆರ್ಸೆನಲ್ 7-0ರಿಂದ ಸೋತಿತು. ಸೋಲಿಸಿದ್ದು ಯಾರೆಂದುಕೊಂಡಿರಿ? ಅದೇ ನ್ಯೂಕ್ಯಾಸಲ್. ಆ ಸೋಲಿನ ನಂತರ ಆರ್ಸೆನಲ್‌ನ ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್ ಮಧ್ಯದ ಹಾಫ್‌ಬ್ಯಾಕ್‌ನನ್ನು ಹಿಂದಕ್ಕೆಳೆದು ಮೂರನೇ ಡಿಫೆಂಡರ್ ಮಾಡಿದ. ಗೋಲು ತಡೆಯಲು ಇದು ಒಳ್ಳೇ ಉಪಾಯ. ಆದರೆ ಮಧ್ಯದಲ್ಲಿ ನಿಂತು ಪಾಸ್ ಹಂಚುತ್ತಿದ್ದ ಮನುಷ್ಯನೇ ಅಲ್ಲಿಂದ ಮಾಯ. ಆರ್ಸೆನಲ್ ಬಳಿ ಆ ಖಾಲಿ ಜಾಗ ತುಂಬುವ ಜಾಣರಿದ್ದರು. ಆರ್ಸೆನಲ್‌ನ ಗೆಲುವು ನೋಡಿ ನಕಲು ಮಾಡಿದವರ ಬಳಿ ಇರಲಿಲ್ಲ. ಅವರು ಹಿಂದಿನಿಂದ ಉದ್ದಕ್ಕೆ ಒದ್ದು ಕಳಿಸಿದರು. ಇಂಗ್ಲೆಂಡಿನ ಬಹುಪಾಲು ತಂಡಗಳು ಹೀಗೇ ಆಡತೊಡಗಿದವು. ಮೆಕ್‌ವಿಲಿಯಮ್‌ನ ಆಟ ಹಳೇ ಕಾಲದ್ದೆನಿಸಿತು. ಕೆಲಸ ಹೋದ ಮೇಲೆ ಈತ ಆಟಗಾರರನ್ನು ಹುಡುಕುವ ಸ್ಕೌಟ್ ಆಗಿ ಸೇರಿಕೊಂಡದ್ದು ಅದೇ ಆರ್ಸೆನಲ್‌ಗೆ!

1938ರಲ್ಲಿ ಟಾಟನ್‌ಹ್ಯಾಮ್ ಮತ್ತೆ ಕರೆಯಿತು. ಈತನಿಗೆ ಆಗ 58. ಮರುವರ್ಷ ಇನ್ನೊಂದು ಮಹಾಯುದ್ಧ ಶುರುವಾಗಿ ಲೀಗ್ ಮೂರೇ ಪಂದ್ಯಕ್ಕೆ ನಿಂತಿತು. ಕೈಗೆ ಸಿಕ್ಕದ್ದು ಒಂದೇ ಪೂರ್ತಿ ಸೀಸನ್. ಆ ಒಂದು ವರ್ಷದಲ್ಲಿ ನಿಕೋಲ್ಸನ್ ಎಂಬ ಯಾರ್ಕ್‌ಶೈರಿನ ಹುಡುಗನನ್ನು ಮೊದಲ ತಂಡದಲ್ಲಿ ಆಡಿಸಿದ. ಬಕಿಂಗ್‌ಹ್ಯಾಮ್ ಆಗಲೇ ತಂಡದಲ್ಲಿದ್ದ. 1942ರಲ್ಲಿ ಮೆಕ್‌ವಿಲಿಯಮ್ ಕೆಲಸ ಬಿಟ್ಟು ಉತ್ತರಕ್ಕೆ ಹೊರಟುಹೋದ.

ಹುಡುಗರು ಕೋಚ್‌ಗಳಾದಾಗ

ಆರ್ಥರ್ ರೋ 1949ರಲ್ಲಿ ಟಾಟನ್‌ಹ್ಯಾಮ್ ಮ್ಯಾನೇಜರ್ ಆದ. ಅವನ ಆಟಕ್ಕೆ 'ಪುಷ್ ಅಂಡ್ ರನ್' ಎಂಬ ಹೆಸರು ಬಂತು. ಮಕ್ಕಳು ಬೀದಿಯಲ್ಲಿ ಗೋಡೆಗೆ ಚೆಂಡು ಒದ್ದು, ಅದು ವಾಪಸ್ ಬರುವ ಜಾಗಕ್ಕೆ ಓಡುತ್ತಾರಲ್ಲ, ಆ ಗೋಡೆಯ ಜಾಗದಲ್ಲಿ ಜೊತೆಗಾರ ಇರುತ್ತಾನೆ. ಕೊಡು, ಓಡು, ಮತ್ತೆ ತೆಗೆದುಕೋ. ಚೆಂಡು ಯಾರ ಕಾಲಲ್ಲೂ ಜಾಸ್ತಿ ಹೊತ್ತು ನಿಲ್ಲಬಾರದು. ಮೆಕ್‌ವಿಲಿಯಮ್‌ನ ಆಟಕ್ಕೆ ರೋ ವೇಗ ಸೇರಿಸಿದ ಎನ್ನಬಹುದು. 1950ರಲ್ಲಿ ಸೆಕೆಂಡ್ ಡಿವಿಷನ್, 1951ರ ಏಪ್ರಿಲ್‌ನಲ್ಲಿ ಫಸ್ಟ್ ಡಿವಿಷನ್. ಮೂವತ್ತು ವರ್ಷದ ಹಿಂದೆ ಕೈತಪ್ಪಿದ್ದ ಪ್ರಶಸ್ತಿ ಬಂದಾಗ ಮೆಕ್‌ವಿಲಿಯಮ್ ಇನ್ನೂ ಬದುಕಿದ್ದ. ಅದೇ ವರ್ಷ ಅಕ್ಟೋಬರ್‌ನಲ್ಲಿ ತೀರಿಕೊಂಡ.

ಆ ತಂಡದ ರೈಟ್ ಹಾಫ್ ಆಗಿದ್ದವನು ನಿಕೋಲ್ಸನ್. 1958ರಲ್ಲಿ ಮ್ಯಾನೇಜರ್ ಆಗಿ, 1960-61ರಲ್ಲಿ ಲೀಗ್ ಮತ್ತು ಎಫ್‌ಎ ಕಪ್ ಎರಡನ್ನೂ ಗೆದ್ದ. 20ನೇ ಶತಮಾನದಲ್ಲಿ ಇಂಗ್ಲೆಂಡಿನ ಯಾವ ಕ್ಲಬ್ಬೂ ಅಲ್ಲಿಯವರೆಗೆ ಅದನ್ನು ಮಾಡಿರಲಿಲ್ಲ. 1963ರಲ್ಲಿ ಕಪ್ ವಿನ್ನರ್ಸ್ ಕಪ್ ಗೆದ್ದು ಬ್ರಿಟನ್ನಿಗೆ ಯುರೋಪ್ ಮಟ್ಟದ ಮೊದಲ ಪ್ರಶಸ್ತಿ ತಂದ.

ಬಕಿಂಗ್‌ಹ್ಯಾಮ್ ಆಟಗಾರನಾಗಿ ಸಾಧಾರಣ. ಕೋಚ್ ಆಗಿ ಅಲೆಮಾರಿ. ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ಜೊತೆ 1954ರ ಎಫ್‌ಎ ಕಪ್ ಗೆದ್ದ. 1959ರಲ್ಲಿ ಅಯಾಕ್ಸ್‌ಗೆ ಹೋಗಿ ಮರುವರ್ಷ ಡಚ್ ಲೀಗ್ ಗೆದ್ದ. 1964ರಲ್ಲಿ ಎರಡನೇ ಸಲ ಹೋದಾಗ, ನವೆಂಬರ್ 15ರಂದು, ಕ್ರೈಫ್‌ನನ್ನು ಮೊದಲ ತಂಡದಲ್ಲಿ ಇಳಿಸಿದ. ಅಯಾಕ್ಸ್ ಆ ಪಂದ್ಯ 3-1ರಿಂದ ಸೋತಿತು. ಅಯಾಕ್ಸ್‌ನ ಒಂದು ಗೋಲು ಕ್ರೈಫ್‌ನದ್ದು. ಎರಡು ತಿಂಗಳಲ್ಲಿ ಬಕಿಂಗ್‌ಹ್ಯಾಮ್‌ನ ಕೆಲಸ ಹೋಯಿತು, ಆ ಜಾಗಕ್ಕೆ ಅಯಾಕ್ಸ್‌ನ ಹಳೇ ಆಟಗಾರ ರಿನಸ್ ಮಿಶೆಲ್ಸ್ ಬಂದ. 1971ರಲ್ಲಿ ಬಾರ್ಸಿಲೋನಾದಲ್ಲೂ ಬಕಿಂಗ್‌ಹ್ಯಾಮ್ ಬಿಟ್ಟ ಕುರ್ಚಿಯಲ್ಲಿ ಕೂತವನು ಮಿಶೆಲ್ಸ್! ಕ್ರೈಫ್ ಅಲ್ಲಿಗೆ ಆಟಗಾರನಾಗಿ ಬಂದ, ಮುಂದೆ 1988ರಲ್ಲಿ ಕೋಚ್ ಆಗಿ ಬಂದ. ಕ್ರೈಫ್‌ನ ಕೈಕೆಳಗೆ ಅಲ್ಲಿ ಆಡಿ ಬೆಳೆದು, ಮುಂದೆ ಹೆಸರಾಂತ ಕೋಚ್ ಆದವನು ಪೆಪ್ ಗಾರ್ಡಿಯೋಲಾ.

ಇದನ್ನು ನೋಡಿ ಗಾರ್ಡಿಯೋಲಾನ ಆಟದ ಮುತ್ತಾತ ಮೆಕ್‌ವಿಲಿಯಮ್ ಎಂದುಬಿಡುವವರಿದ್ದಾರೆ. ಅಷ್ಟು ದೂರ ನಾನು ಹೋಗುವುದಿಲ್ಲ. ಅಯಾಕ್ಸ್‌ಗೆ ಬಕಿಂಗ್‌ಹ್ಯಾಮ್‌ಗಿಂತ ಎಷ್ಟೋ ಮೊದಲೇ, 1915ರಲ್ಲೇ, ಜ್ಯಾಕ್ ರೆನಾಲ್ಡ್ಸ್ ಎಂಬ ಇಂಗ್ಲಿಷ್ ಕೋಚ್ ಬಂದಿದ್ದ. ಮಿಶೆಲ್ಸ್ ಆಟಗಾರನಾಗಿ ಬೆಳೆದದ್ದು ಅವನ ಕೈಯಲ್ಲಿ. ಹಂಗೇರಿ, ಆಸ್ಟ್ರಿಯಾ ಕಡೆ ಜಿಮ್ಮಿ ಹೋಗನ್ ಪಾಸ್ ಆಟ ಕಲಿಸಿದ್ದ. ಆ ಹೋಗನ್ ಕೂಡ ಸ್ಕಾಟಿಷ್ ಆಟಗಾರರಿಂದಲೇ ಅದನ್ನು ಕಲಿತವನು. ರೋ ಸ್ವತಃ 1939ರಲ್ಲಿ ಹಂಗೇರಿಗೆ ಹೋಗಿ ಬಂದಿದ್ದ. ಅಲ್ಲಿಂದ ಅವನು ತಂದದ್ದೆಷ್ಟು, ಟಾಟನ್‌ಹ್ಯಾಮ್‌ನಲ್ಲಿ ಕಲಿತದ್ದೆಷ್ಟು ಎಂದು ಬೇರೆ ಮಾಡುವುದು ಕಷ್ಟ. ಮಿಶೆಲ್ಸ್ ತಂಡದ ಜೀವಾಳವಾಗಿದ್ದ, ಚೆಂಡು ಹೋದ ಕೂಡಲೇ ಮುಗಿಬಿದ್ದು ಕಿತ್ತುಕೊಳ್ಳುವ ಆಟವಂತೂ ಮೆಕ್‌ವಿಲಿಯಮ್‌ನಲ್ಲಿ ಇರಲೇ ಇಲ್ಲ. ಟಾಟನ್‌ಹ್ಯಾಮ್‌ವರೆಗಿನ ಕೊಂಡಿ ಗಟ್ಟಿ. ನಾರ್ತ್‌ಫ್ಲೀಟ್, ರೋ, ನಿಕೋಲ್ಸನ್ ತನಕ ಅದನ್ನು ಒಬ್ಬೊಬ್ಬರಾಗಿ ತೋರಿಸಬಹುದು. ಆಮ್‌ಸ್ಟರ್‌ಡ್ಯಾಮ್‌ಗೆ ಬಂದ ಮೇಲೆ ಅದು ಹಲವು ದಾರಗಳಲ್ಲಿ ಒಂದು.